ಪೇಟ ತೊಡಿಸಿದರು, ಹಾಡಿಸಲಿಲ್ಲ

ಒಂದು ತಿಂಗಳು ನಮ್ಮ ಕುಷ್ಟಗಿಯ ಮನೆಯಲ್ಲಿ ಒಂದೇ ಹಾಡು. ಬಚ್ಚಲಲ್ಲಿ ಹಾಡು, ಗಡ್ಡ ಬೋಳಿಸುವಾಗ ಹಾಡು, ನಾನು ರೊಟ್ಟಿ ಬಡಿಯುತ್ತಿದ್ದರೆ ಆ ತಾಳಕ್ಕೂ ಅದೇ ಹಾಡು. ಎತ್ತರದ ಸಾಲು ಬಂತೆಂದರೆ ನಮ್ಮ ಯಜಮಾನರು ಕಣ್ಣು ಮುಚ್ಚಿ ಕೈ ಮೇಲೆತ್ತುತ್ತಿದ್ದರು. "ಸಾಕ್ ಮಾಡ್ರಿ ಮಾರಾಯ್ರ, ಓಣ್ಯಾಗ ಮಂದಿ ಅದಾರ," ಎಂದು ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ. ತಪ್ಪದೆ ದಿನಾ ಕೂಗುತ್ತಿದ್ದೆ.

ಇಷ್ಟಕ್ಕೆಲ್ಲ ಕಾರಣ ಗಂಗಾವತಿಯ ರೆಟ್ರೊ ಸಂಗೀತೋತ್ಸವ. ಹಳೆಯ ಆರ್ಕೆಸ್ಟ್ರಾದವರೆಲ್ಲ ಮತ್ತೆ ಸೇರಿ ಎಂಬತ್ತು ತೊಂಬತ್ತರ ದಶಕದ ಹಾಡು ಹಾಡುವುದಂತೆ. ವಾಟ್ಸಾಪಿನಲ್ಲಿ ಬಂದ ಆಹ್ವಾನ ಪತ್ರಿಕೆಯಲ್ಲಿ ಇವರ ಹೆಸರು ಹನ್ನೊಂದನೆಯದು. ಹುಡುಗರಾಗಿದ್ದಾಗ ಇವರು ಅದೇ ಆರ್ಕೆಸ್ಟ್ರಾದಲ್ಲಿ ಯಲಬುರ್ಗಾದಿಂದ ಮುನಿರಾಬಾದ್ ಡ್ಯಾಂ ಕಾಲೊನಿಯವರೆಗೆ ಹಾಡಿ ಬಂದವರು. ನಾನು ಮದುವೆಯಾಗಿ ಬರುವಷ್ಟರಲ್ಲಿ ಅದು ಮುಚ್ಚಿ, ಇವರು ಗೊಬ್ಬರದ ಅಂಗಡಿಯಲ್ಲಿ ಕೂತಿದ್ದರು. ಹಾಗಾಗಿ ವೇದಿಕೆಯ ಮೇಲೆ, ವಾದ್ಯಗಳ ಜೊತೆ ಇವರು ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಸಾಯುವುದರೊಳಗೆ ಒಮ್ಮೆ ಕೇಳಬೇಕೆಂದು ನನಗೆ ಬಹಳ ಆಸೆ ಇತ್ತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಮನುಷ್ಯ ಬಚ್ಚಲಿನಿಂದ ಹೊರಗೇ ಬರುತ್ತಿರಲಿಲ್ಲ.

ಕಾರ್ಯಕ್ರಮ ಹತ್ತು ಗಂಟೆಗೆ ಎಂದಿತ್ತು. ಇಂಥದ್ದನ್ನು ನಂಬುವವರು ಜಿಲ್ಲೆಯಲ್ಲಿ ನಾವಿಬ್ಬರೇ ಇರಬೇಕು. ತಾವರಗೇರಾ ಮೇಲೆ ಹೋಗುವ ಬಸ್ಸು ಹಿಡಿದು ಒಂಬತ್ತೂವರೆಗೇ ಹೋಗಿ ಕೂತೆವು. ಅದೊಂದು ಕಲ್ಯಾಣ ಮಂಟಪ. ನಾಲ್ಕಕ್ಕೆ ಖಾಲಿ ಮಾಡಬೇಕು, ಮರುದಿನದ ಮದುವೆಯವರು ಬರುತ್ತಾರೆ ಎಂದು ಮ್ಯಾನೇಜರ್ ಬಾಗಿಲಲ್ಲೇ ಎಲ್ಲರಿಗೂ ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹನ್ನೆರಡಕ್ಕೆ ಮುಖ್ಯ ಅತಿಥಿ ಬಂದರು. ಹೂಮಾಲೆ ಹಾಕಿದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಉದ್ಘಾಟನೆ. ಒತ್ತಿದರು, ಅದು ಉಸಿರೆತ್ತಲಿಲ್ಲ. ಕೊನೆಗೆ ಪರದೆಯ ಹಿಂದೆ ಯಾರೋ ಮೊಬೈಲಿನಲ್ಲಿ ಹಾಡು ಹಚ್ಚಿದರು, ನಾವೆಲ್ಲ ಚಪ್ಪಾಳೆ ಹೊಡೆದೆವು. ಆಮೇಲೆ ಭಾಷಣ. ಒಬ್ಬೊಬ್ಬರೂ "ನಾ ಏನ್ ಹೆಚ್ಚು ಮಾತಾಡಂಗಿಲ್ರಿ" ಎಂದು ಶುರು ಮಾಡಿ ಅರ್ಧ ಗಂಟೆ ಮಾತಾಡಿದರು. ತೆಲುಗಿನವರೇ ಹೆಚ್ಚಿರುವ ಶ್ರೀರಾಮನಗರದಿಂದ ಬಂದವರೊಬ್ಬರು ಎದ್ದು ನಿಂತು ತೆಲುಗು ಹಾಡು ಎಷ್ಟಿವೆ ಎಂದು ಕೇಳಿದರು. ಅದಕ್ಕೊಂದು ಉತ್ತರ, ಉತ್ತರಕ್ಕೊಂದು ಸಮಜಾಯಿಷಿ. ಮೂರು ಗಂಟೆಗೆ ಲೆಕ್ಕ ಹಾಕಿದೆ: ಹಾಡು ಆಗಿದ್ದು ಮೂರು. ಇವರು ಮಾತ್ರ ಇಸ್ತ್ರಿ ಮಾಡಿದ ಅಂಗಿ ಸುಕ್ಕಾಗದಂತೆ ನೆಟ್ಟಗೆ ಕೂತಿದ್ದರು, ನೀರೂ ಕುಡಿದಿರಲಿಲ್ಲ.

ಆಗ ನಿರೂಪಕ ಮೈಕ್ ಹಿಡಿದ. "ಟೈಮ್ ಭಾಳ ಕಡಿಮಿ ಐತ್ರಿ. ಉಳಿದ ಎಂಟು ಕಲಾವಿದರನ್ನ ಹಂಗ ಕಳಿಸಿದ್ರ ಅವಮಾನ ಆಗ್ತೈತಿ. ಅದಕ್ಕ ಅವರಿಗೆಲ್ಲಾ ಸನ್ಮಾನ ಮಾಡೂಣು."

ಸನ್ಮಾನಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತಲೆಗೊಂದು ಪೇಟ, ಹೆಗಲಿಗೊಂದು ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ. ಫೋಟೊ ಸರಿ ಬರಲಿಲ್ಲವೆಂದು ಇವರಿಗೆ ಹೊದಿಸಿದ ಶಾಲು ತೆಗೆದು ಮತ್ತೆ ಹೊದಿಸಿದರು. ಅಷ್ಟು ಹೊತ್ತಿನಲ್ಲಿ ಎಂಟೂ ಜನ ಹಾಡಿ ಮುಗಿಸಬಹುದಿತ್ತು. ನನ್ನ ಮೈ ಉರಿಯಿತು.

ಅಷ್ಟರಲ್ಲಿ ಮದುವೆಯವರು ತರಕಾರಿ ಚೀಲ, ಬಾಳೆಲೆ ಕಟ್ಟು ಹೊತ್ತು ಒಳಗೇ ಬಂದರು. ನಾನು ಸೀದಾ ವೇದಿಕೆ ಹತ್ತಿದೆ. ಕೀಬೋರ್ಡ್ ನುಡಿಸುವವರು ಇವರ ಅಂದಿನ ಜೊತೆಗಾರರು, ಈಗ ಗಂಗಾವತಿಯಲ್ಲಿ ಟೇಲರ್. ವೈರು ಸುತ್ತುತ್ತಿದ್ದರು.

"ಸುತ್ತಬ್ಯಾಡ್ರಿ," ಎಂದೆ. "ಒಂದಽ ಹಾಡು."

"ನಂದೇನೈತ್ರಿ ಭಾಬಿ, ನುಡಿಸ್ತೀನಿ. ಅವನ್ನ ಕರೀರಿ."

ಮದುವೆಯ ಕಡೆಯ ಹಿರಿಯ ಹೆಂಗಸಿನ ಹತ್ತಿರ ಐದು ನಿಮಿಷ ಬೇಡಿಕೊಂಡೆ. "ಹಾಡ್ಲಿ ಬಿಡ್ರಿ, ನಾವೂ ಕೇಳ್ತೀವಿ," ಎಂದು ಅವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಕೀಬೋರ್ಡಿನಲ್ಲಿ ಹಾಡಿನ ಮೊದಲ ಸ್ವರಗಳು ಬಂದವು. ನಮ್ಮ ಯಜಮಾನರು ಮೆಟ್ಟಿಲ ಬಳಿ ಪೇಟ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ನನ್ನನ್ನು ನೋಡಿದರು.

"ಬ್ಯಾಡ ಬಿಡು. ಬಸ್ಸಿನ ಹೊತ್ತಾತು," ಎಂದು ಹೊರಗೆ ನಡೆದೇಬಿಟ್ಟರು.

ಬಸ್ಸಿನಲ್ಲಿ ತಾವರಗೇರಾ ಬರುವವರೆಗೆ ಬೈದೆ. ತಿಂಗಳಿಡೀ ನನ್ನ ತಲೆ ತಿಂದು, ನಾನು ಮಂದಿಯ ಕೈಕಾಲು ಹಿಡಿದು ಹೊಂದಿಸಿದಾಗ ಬೇಡವೆಂದರೆ ಏನರ್ಥ? ಅವರು ಪೇಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಶಾಲು ಹಾಕಿದಾಗ, ಹಾಡೂದು ತಪ್ಪಿತು ಅಂತ ಜೀವ ಬಂದಂಗಾತು ನೋಡು," ಎಂದರು ಕೊನೆಗೆ. "ತಿಂಗಳಿಂದ ದಿನಾ ಸಾಕ್ ಮಾಡ್ರಿ ಅಂದಿ. ಮನಿಯಾಕಿಗೇ ಕೇಳಾಕ ಆಗವಲ್ದು ಅಂದ್ರ ಧ್ವನಿ ಹೋಗೇತಿ ಅಂತ ತಿಳಕೊಂಡೆ. ಅಷ್ಟು ಮಂದ್ಯಾಗ ಹೆಂಗ ಹಾಡ್ಲಿ?"

ಸಿಟ್ಟಿನಿಂದ ಹೇಳಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಸಿಟ್ಟೇ ಇರಲಿಲ್ಲ. ನನಗೆ ಕೇಳುವ ಆಸೆ ಇತ್ತು ಎಂಬ ಇಷ್ಟೇ ಇಷ್ಟು ಮಾತನ್ನು ಆಗಲೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಬರೀ ನೀರಿನ ಸದ್ದು. ಹಂಚಿನ ಮೇಲೆ ರೊಟ್ಟಿ ಹಾಕಿ ಕಾದೆ. ಎರಡನೆಯ ರೊಟ್ಟಿಗೂ ಹಾಡು ಬರಲಿಲ್ಲ. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಹೋಗಿ ಬಚ್ಚಲಿನ ಬಾಗಿಲು ತಟ್ಟಿದೆ.

"ಹಾಡ್ರಿ," ಎಂದೆ. "ನಾ ಕೇಳಬೇಕು."

ಒಳಗೆ ಚೊಂಬಿನ ಸದ್ದು ನಿಂತಿತು.

"ಓಣ್ಯಾಗ ಮಂದಿ ಅದಾರ," ಎಂದರು.