ಕಿಟಕಿ ಕಟ್ಟೆಯ ನಾಲ್ಕು ಹಿತ್ತಾಳೆ ಚೂರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಸುಗೆಯಕ್ಕ ಆಗಲೇ ಕಿಟಕಿಯ ಕಟ್ಟೆಗೆ ಮೂಗು ತಾಗುವಷ್ಟು ಬಾಗಿ ನಿಂತಿದ್ದಾರೆ. ಕಟ್ಟೆಯ ಮೇಲೆ ಹೆಬ್ಬೆರಳಗಲದ ನಾಲ್ಕು ಹಿತ್ತಾಳೆ ಚೂರು. ಮೂರನ್ನು ಮೂರು ಬಗೆಯ ಫ್ಲಕ್ಸ್ ಹಚ್ಚಿ ಬೆಸೆದಿದ್ದಾರೆ. ನಾಲ್ಕನೆಯದನ್ನು ಏನೂ ಹಚ್ಚದೆ, ಬರೀ ಉಜ್ಜಿ ಇಟ್ಟಿದ್ದಾರೆ. ಮೂರು ವಾರದಿಂದ ಮುಖ ತೊಳೆಯುವ ಮುಂಚೆ ಇದೇ ಕೆಲಸ. ಇವತ್ತು ನಾಲ್ಕರ ಮೇಲೂ ಹಸಿರು ಕಿಲುಬು ಕೂತಿದೆ.

"ಏನೂ ಹಚ್ಚದೇ ಇರೋದಕ್ಕೂ ಬಂದಿದೆಯಲ್ಲ. ನನಗಂತೂ ತಲೆಬುಡ ಅರ್ಥವಾಗ್ತಿಲ್ಲ," ಎನ್ನುತ್ತ ಕನ್ನಡಕ ಒರೆಸಿಕೊಳ್ಳುತ್ತಾರೆ. ತಪ್ಪು ಕನ್ನಡಕದ್ದೇ ಇರಲಿ ಎಂಬ ಆಸೆ.

ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಪುಟ್ಟ ರೈಲು ಎಂಜಿನ್‌ಗಳನ್ನು ಜೋಡಿಸಿಕೊಡುವುದು ಇವರ ಕಸುಬು. ಒಂದಕ್ಕೆ ಇನ್ನೂರ ಹನ್ನೆರಡು ಭಾಗ, ಕೆಲವು ಅಕ್ಕಿಕಾಳಿಗಿಂತ ಚಿಕ್ಕವು. ಗಂಟೆಗೆ ಆರು ಬೆಸುಗೆ ಬಿದ್ದರೆ ಕೈ ಚೆನ್ನಾಗಿದೆ ಎಂದರ್ಥ. ದುಡಿಯುತ್ತಿದ್ದ ರೇಡಿಯೊ ರಿಪೇರಿ ಅಂಗಡಿ ಮುಚ್ಚಿದಾಗ ಹಿಡಿದ ಈ ಕೆಲಸಕ್ಕೆ ಹತ್ತೊಂಬತ್ತು ವರ್ಷ. ಬೆರಳ ತುದಿಗಳು ಸುಟ್ಟೂ ಸುಟ್ಟೂ ಬಿಸಿಯೇ ತಿಳಿಯದಂತಾಗಿವೆ. ಮಾಡಿದ ಎಂಜಿನ್ನುಗಳ ಮೇಲೆ ಎಲ್ಲೂ ಇವರ ಹೆಸರಿಲ್ಲ.

ಫ್ಲಕ್ಸ್ ಎಂದರೆ ಲೋಹದ ಮೈ ಶುಚಿ ಮಾಡಿ ಬೆಸುಗೆ ಹಿಡಿಯುವಂತೆ ಮಾಡುವ ಮದ್ದು. ಆಸಿಡ್ಡಿನದು ಬೇಗ ಹಿಡಿಯುತ್ತದೆ, ಸರಿಯಾಗಿ ತೊಳೆಯದಿದ್ದರೆ ಹಿತ್ತಾಳೆಯನ್ನೇ ತಿನ್ನುತ್ತದೆ. ರಾಳದ್ದು ಸಾಧು, ಆದರೆ ಸೋಮಾರಿ. ಮೂರನೆಯದನ್ನು ತೊಳೆಯುವುದೇ ಬೇಡವೆಂದು ಅಂಗಡಿಯವನ ಆಣೆ. ಕೇಳಿದವರೆಲ್ಲ ಒಂದೊಂದು ಹೇಳಿ ಅಕ್ಕನ ತಲೆ ಕೆಡಿಸಿದ್ದಾರೆ.

ನಿವೃತ್ತ ಎಂಜಿನ್ ಡ್ರೈವರ್ ಒಬ್ಬರು ತಾವು ಓಡಿಸಿದ ಎಂಜಿನ್ನಿನ ಮಾದರಿ ಮಾಡಿಸಿಕೊಂಡಿದ್ದರು. ಬಣ್ಣ ಬೇಡ, ಹಿತ್ತಾಳೆಯೇ ಹೊಳೆಯಲಿ ಎಂದಿದ್ದರು. ಎರಡೇ ತಿಂಗಳಿಗೆ ಚಿಮಣಿಯ ಬುಡ ಹಸಿರಾಗಿ ಅದು ವಾಪಸ್ ಬಂತು. ಆ ಎಂಜಿನ್ನಿನ ಬಿಡಿಭಾಗದ ಪೆಟ್ಟಿಗೆ ಈಗ ತಯಾರಾಗುವುದಿಲ್ಲ. ಕಿಲುಬು ತಿಂದರೆ ಇನ್ನೊಂದಿಲ್ಲ. ಡ್ರೈವರ್ ಬೈಯದೆ ಅದನ್ನು ಮೇಜಿನ ಮೇಲಿಟ್ಟು ಹೋದರು. ಅಕ್ಕನಿಗೆ ಅದೇ ಹೆಚ್ಚು ನಾಚಿಕೆ. ತಪ್ಪು ಯಾವ ಫ್ಲಕ್ಸಿನದು ಎಂದು ತಿಳಿಯಲು ಕಟ್ಟೆಯ ಮೇಲೆ ಈ ಚೂರುಗಳು.

ಕಾಫಿ ತಂದ ಅತ್ತೆ ಚೂರುಗಳನ್ನು ನೋಡುತ್ತಾರೆ, ಮೇಜಿನ ಮೇಲಿನ ಹಳೇ ಹಲ್ಲಿನ ಬ್ರಷ್ಷನ್ನೂ ನೋಡುತ್ತಾರೆ.

"ಎಲ್ಲಾನೂ ಇದರಲ್ಲೇ ಉಜ್ಜಿದ್ದಾ?"

"ಹೌದತ್ತೆ. ಯಾವಾಗಲೂ ಇದೇ."

"ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣೊರೆಸಿಕೊಂಡ ಹಾಗಾಯ್ತಲ್ಲಮ್ಮ."

ಅಕ್ಕ ಬ್ರಷ್ಷನ್ನು ಬೆಳಕಿಗೆ ಹಿಡಿಯುತ್ತಾರೆ. ಎಳೆಗಳ ಬುಡವೆಲ್ಲ ಹಸಿರು. ಆಸಿಡ್ ಮೆತ್ತಿಕೊಂಡ ಬ್ರಷ್ಷು ಮುಟ್ಟಿದ್ದಕ್ಕೆಲ್ಲ ಅದನ್ನು ಹಂಚುತ್ತ ಬಂದಿದೆ. "ಮೂರು ಡಬ್ಬಿಗೂ ಬೈದಿದ್ದಾಯ್ತು. ಇದರ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ."

ಈಗ ಮೂರು ಡಬ್ಬಿಯ ಪಕ್ಕ ಮೂರು ಹೊಸ ಬ್ರಷ್. ಎಂಜಿನ್ನಿನ ಚಿಮಣಿ ಬಿಚ್ಚಿ, ತೊಳೆದು, ರಾಳ ಹಚ್ಚಿ ಮತ್ತೆ ಬೆಸೆದು ಕಿಟಕಿ ಕಟ್ಟೆಯ ಮೇಲೇ ನಿಲ್ಲಿಸಿದ್ದಾರೆ. ಇನ್ನೆರಡು ತಿಂಗಳು ಕೊಡುವುದಿಲ್ಲವೆಂದು ಫೋನಿನಲ್ಲಿ ಹೇಳಿದ್ದಕ್ಕೆ ಡ್ರೈವರ್ ನಕ್ಕರಂತೆ: "ನಲವತ್ತು ವರ್ಷ ಸಿಗ್ನಲ್‌ನಲ್ಲಿ ಹಸಿರು ಬರಲಿ ಅಂತ ಕಾದಿದ್ದೀನಮ್ಮ. ಎರಡು ತಿಂಗಳು ಬಾರದಿರಲಿ ಅಂತ ಕಾಯ್ತೀನಿ."

ಹಾಗಾದರೆ ಯಾವ ಫ್ಲಕ್ಸ್ ಒಳ್ಳೆಯದು? ಅಕ್ಕ ಮೂರೂ ಡಬ್ಬಿಗಳನ್ನು ನೋಡಿ ತಲೆ ಕೆರೆದುಕೊಳ್ಳುತ್ತಾರೆ. "ಇನ್ನೂ ಗೊತ್ತಿಲ್ಲ. ಆದ್ರೆ ನನಗೆ ಖಾತ್ರಿಯಾಗದೇ ಈ ಎಂಜಿನ್ನು ಬಾಗಿಲು ದಾಟಲ್ಲ."