ಸೂಜಿಗೂ ಉಪವಾಸ

ಇಂದು ಏಕಾದಶಿ. ಬೆಳಿಗ್ಗೆ ಆರೂವರೆ, ಅಡುಗೆಮನೆಯಲ್ಲಿ ನಾನು, ಸೊಸೆ ಇಬ್ಬರೇ. ಮೂಲೆಯಲ್ಲಿದ್ದ ಅನಾನಸ್ ಅತಿಯಾಗಿ ಕಳಿತಿತ್ತು. ಆ ಹುಳಿಸಿಹಿ ವಾಸನೆಗೆ ಕೈಯಲ್ಲಿದ್ದ ಕೆಲಸ ನಿಂತುಹೋಯಿತು. ಹಾಗೆ ನಿಲ್ಲಿಸುವುದು ನನ್ನ ಅಭ್ಯಾಸವಲ್ಲ.

ಯಲ್ಲಾಪುರದಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವವಳೊಬ್ಬಳಿದ್ದಳು. ಹೆದ್ದಾರಿಯ ಲಾರಿಗಳಿಗಿಂತ ಅವಳ ಮಾತು ಜೋರು. ಮೂವತ್ತು ದಾಟುವ ಮೊದಲೇ ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದು ನಿಂತಿತು. ದಿನಾ ಚುಚ್ಚಿಕೊಳ್ಳಬೇಕೆಂದು ಡಾಕ್ಟರು ಹೇಳಿದಾಗ ನಕ್ಕಿದ್ದಳು.

"ನಾ ಸೂಜಿಗೆ ಹೆದ್ರೂದಾ ಅಕ್ಕೋರೆ? ಅನ್ನ ಹಾಕೂದೇ ಅದು!"

ಆ ಔಷಧಿ ಹೇಗೆ ಕೆಲಸ ಮಾಡುತ್ತದೆಂದು ಕೇಳಿದಳು. ವಿವರಿಸಿದೆ. ಇನ್ಸುಲಿನ್ ಶಾಲೆಯ ಗಂಟೆಯ ಹಾಗೆ. ಜೀವಕೋಶದ ಹೊರಗೇ ಬಾರಿಸುತ್ತದೆ. ಸುದ್ದಿ ಒಳಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಆಗ ಒಳಗೆ ಎತ್ತಿಟ್ಟ ಬಾಗಿಲುಗಳು ಗೋಡೆಗೆ ಬಂದು ತೆರೆದುಕೊಳ್ಳುತ್ತವೆ, ರಕ್ತದಲ್ಲಿದ್ದ ಸಕ್ಕರೆ ಒಳಹೋಗುತ್ತದೆ. ಅಷ್ಟಕ್ಕೆ ನಿಲ್ಲಿಸಿದೆ. ನನಗೆ ಗೊತ್ತಿದ್ದದ್ದೂ ಅಷ್ಟೇ…

ಒಂದು ಏಕಾದಶಿಯ ದಿನ ನಾನು ಶಾಲೆಗೆ ಹೊರಟಾಗ ಬೇಲಿಯ ಹತ್ತಿರ ನಿಂತಿದ್ದಳು. "ಇವತ್ತು ಹೊಟ್ಟೆಗೆ ಎಂತದೂ ಇಲ್ಲ ಅಕ್ಕೋರೆ. ಉಣ್ಣದಿದ್ಮೇಲೆ ಸಕ್ರೆ ಎಲ್ಲಿಂದ ಬರ್ತದೆ? ಸೂಜಿಗೂ ಉಪವಾಸ! ಸರಿ ಅಲ್ದಾ?"

ಲೆಕ್ಕ ಸರಿಯೆನಿಸಿತು. "ಸರಿ" ಎಂದು ನಕ್ಕು ನಡೆದೆ.

ದ್ವಾದಶಿಯ ಬೆಳಿಗ್ಗೆ ಅವಳ ತಾಯಿ ಓಡಿಬಂದು ಕರೆದರು. ವಾಂತಿ, ಏದುಸಿರು, ಉಸಿರಿನಲ್ಲಿ ಕಳಿತ ಅನಾನಸ್ಸಿನ ವಾಸನೆ. ಹುಬ್ಬಳ್ಳಿ ತಲುಪುವಷ್ಟರಲ್ಲಿ ಆ ಜೋರು ಮಾತು ನಿಂತಿತ್ತು. ಮರುದಿನ ತೀರಿಕೊಂಡಳು.

ಉಳಿದರ್ಧ ಪಾಠವನ್ನು ಅಲ್ಲಿನ ಡಾಕ್ಟರು ನನಗೆ ಹೇಳಿದರು. ಅದೇ ಗಂಟೆ ಕೊಬ್ಬಿನ ಉಗ್ರಾಣಕ್ಕೂ ಕೇಳಬೇಕು. ಕೇಳುತ್ತಿರುವಷ್ಟು ಹೊತ್ತೂ ಅದರ ಬೀಗ ಭದ್ರ. ಗಂಟೆ ಪೂರ್ತಿ ನಿಂತರೆ ಕೊಬ್ಬು ತಡೆಯಿಲ್ಲದೆ ಒಡೆಯುತ್ತದೆ, ಯಕೃತ್ತು ಅದನ್ನು ಆಮ್ಲ ಮಾಡುತ್ತದೆ, ರಕ್ತ ಹುಳಿಯಾಗುತ್ತದೆ. ಉಪವಾಸದ ದಿನವೂ ಇನ್ಸುಲಿನ್ ಬೇಕೇ ಬೇಕು. ಎಷ್ಟೆಂದು ಡಾಕ್ಟರನ್ನು ಕೇಳಬೇಕು, ಪಕ್ಕದ ಮನೆಯ ಅಕ್ಕೋರನ್ನಲ್ಲ.

ಇದನ್ನೆಲ್ಲ ಕೇಳಿದ ಸೊಸೆ ಅನಾನಸ್ಸನ್ನು ಎತ್ತಿ ಹೊರಗಿಟ್ಟು ಬಂದಳು. "ನೀವು ಸೂಜಿ ಬಿಡಬೇಡ ಅಂದಿದ್ರೆ ಅವರು ಕೇಳ್ತಿದ್ರಾ ಅತ್ತೆ?"

ಕೇಳುತ್ತಿದ್ದಳು. ನನ್ನನ್ನು ಕೇಳಲೆಂದೇ ಆ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಂತಿದ್ದಳು.