ರಜೆ ಹಾಕದವನ ಹೆಮ್ಮೆ

ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಮೊನ್ನೆ ಶನಿವಾರ ಮೂಸಂಬಿ ಆರಿಸುತ್ತಿದ್ದೆ. ತೂಕ ಮಾಡಿ ಚೀಲ ನೀಡಿದ ಕೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಇದ್ದವು.

ಮುಖ ನೋಡುವ ಮೊದಲೇ ಯಾರೆಂದು ಗೊತ್ತಾಯಿತು.

“ಎಂತ ಸರ್, ಗುರ್ತ ಸಿಕ್ಕಿತಾ?”

ಇಕ್ಬಾಲ್. ಬೈಕಂಪಾಡಿಯ ಡಬ್ಬಿ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗ ತಗಡು ಒತ್ತುವ ಪ್ರೆಸ್ ಮಷಿನ್ ನಡೆಸುತ್ತಿದ್ದವರು. ಗಡ್ಡ ಈಗ ಪೂರ್ತಿ ಬಿಳಿ.

“ನಿಮ್ಮ ಅಂಕಣ ನಮ್ಮ ಮನೆಗೆ ಬರ್ತದೆ ಸರ್. ಮಗಳು ಓದಿ ಹೇಳ್ತಾಳೆ. ಹೋದ ತಿಂಗಳಿನದ್ದು ಭಾರೀ ಲಾಯ್ಕ ಉಂಟು. ಮೂವತ್ತೊಂದು ವರ್ಷ ಒಂದೇ ಒಂದು ಸಿಕ್ ಲೀವ್ ಹಾಕ್ಲಿಲ್ಲ ಅಂತ ಬರೆದಿದ್ರಲ್ಲ, ಅದು.”

ಓದಿದ ನಿಮಗೂ ನೆನಪಿರಬಹುದು. (ಎಷ್ಟೋ ಜನ ಫೋನ್ ಮಾಡಿ ಹೊಗಳಿದಿರಿ. ನಾನೂ ಉಬ್ಬಿದೆ.) ಜ್ವರ ಬಂದರೆ ಎರಡು ಮಾತ್ರೆ ನುಂಗಿ ಶಕ್ತಿನಗರದಲ್ಲಿ ಬಸ್ ಹತ್ತುತ್ತಿದ್ದೆ. ದುಡಿದು ಬೆವರಿದರೆ ಜ್ವರ ತಾನಾಗಿ ಇಳಿಯುತ್ತದೆ ಎನ್ನುವುದು ನನ್ನ ಅಪ್ಪನ ಮಾತು. ಅದನ್ನೇ ನಂಬಿದೆ, ಹಾಗೆಯೇ ಬದುಕಿದೆ, ಕೊನೆಗೆ ಬರೆದೂ ಬಿಟ್ಟೆ.

“ಸುಳ್ಳು ಒಂದೂ ಇಲ್ಲ ಸರ್ ಅದರಲ್ಲಿ,” ಎಂದರು ಇಕ್ಬಾಲ್. “ನೀವು ರಜೆ ಹಾಕ್ಲಿಲ್ಲ, ಸತ್ಯ. ನಮಗೂ ಕೊಡ್ಲಿಲ್ಲ, ಅದನ್ನು ಮಾತ್ರ ಬರೀಲಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾದಿಸಬಹುದಿತ್ತು.

ಫ್ಯಾಕ್ಟರಿಯಲ್ಲಿ ಒಂದು ದಿನ ಬೆಳಿಗ್ಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತಿದ್ದರು. ಕಣ್ಣು ಕೆಂಪಾಗಿತ್ತು. “ಸರ್, ಜ್ವರ ಉಂಟು, ಹಾಫ್ ಡೇ ಬೇಕಿತ್ತು.” ನಾನು ತಲೆ ಎತ್ತಲಿಲ್ಲ. “ನನಗೂ ಉಂಟು ಮಾರಾಯ. ನಾನು ಬರ್ಲಿಲ್ವಾ? ಹೋಗಿ ನಿಲ್ಲಿ.” ಹೋಗಿ ನಿಂತರು. ಹನ್ನೊಂದು ಗಂಟೆಯ ಚಹಾಕ್ಕೆ ಮೊದಲು ಪ್ರೆಸ್ ಇಳಿಯಿತು. ಮೂರು ಬೆರಳು.

ರಿಪೋರ್ಟ್ ಬರೆದವನು ನಾನೇ. ‘ಕಾರಣ: ಆಪರೇಟರ್‌ನ ಅಜಾಗರೂಕತೆ.’ ಆ ಒಂದು ಸಾಲಿಗೆ ಅವರ ಕೆಲಸವೂ ಹೋಯಿತು.

ಬೇಕೆಂದೇ ಸುಳ್ಳು ಬರೆದಿದ್ದರೆ ಎಂದಾದರೂ ಒಂದು ದಿನ ಚುಚ್ಚುತ್ತಿತ್ತೇನೋ. ನಾನು ನಂಬಿ ಬರೆದಿದ್ದೆ. ನಂಬಿ ಮಾಡಿದ್ದು ಯಾರ ನಿದ್ದೆ ಕೆಡಿಸುತ್ತದೆ ಹೇಳಿ?

“ಇಕ್ಬಾಲ್, ಆ ದಿನ ತಪ್ಪು ನನ್ನದು,” ಎಂದೆ.

“ಆ ದಿನವೇ ಹೇಳಿದ್ರೆ ಕೆಲಸ ಉಳೀತಿತ್ತು ಸರ್,” ಎಂದವರು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಮನೆಗೆ ಬಂದು ಹೆಂಡತಿ ಫಿಲೋಮಿನಾಗೆ ಎಲ್ಲ ಹೇಳಿದೆ. ಆಕೆ ನರ್ಸ್ ಆಗಿ ರಿಟೈರ್ ಆದವಳು, ಮಾತು ಕಡಿಮೆ. ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ನಿಮ್ಮ ಪಪ್ಪನಿಗೆ ಜ್ವರ ಇಳಿದಿತ್ತಾ?”

ಅಪ್ಪ ತೀರಿಕೊಂಡದ್ದು ಐವತ್ತೆರಡನೇ ವಯಸ್ಸಿಗೆ. ನ್ಯುಮೋನಿಯಾ. ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನವೂ ಹಂಚಿನ ಕಾರ್ಖಾನೆಗೆ ಹೋಗಿದ್ದರು. ಅದನ್ನು ನಾನು ನೆಂಟರ ಮುಂದೆ ಎಷ್ಟು ಸಲ ಹೇಳಿದ್ದೇನೋ! ಪ್ರತಿ ಸಲವೂ ಹೆಮ್ಮೆಯಿಂದಲೇ. ಅಪ್ಪನನ್ನು ಕೊಂದ ಮಾತನ್ನೇ ಅಪ್ಪನ ಆಸ್ತಿ ಎಂದು ಎತ್ತಿಟ್ಟುಕೊಂಡು, ಇನ್ನೊಬ್ಬರ ಕೈ ಅದರ ಕೆಳಗೆ ಇಟ್ಟಿದ್ದೆ.

ನಾವು ಶರ್ಟು ಕೊಳ್ಳುವಾಗ ಹೊಲಿಗೆ ತಿರುಗಿಸಿ ನೋಡುತ್ತೇವೆ. ಮೀನು ಕೊಳ್ಳುವಾಗ ಕಿವಿರು ಬಿಡಿಸಿ ನೋಡುತ್ತೇವೆ. ಮನೆಯಲ್ಲಿ ಸಿಕ್ಕಿದ ನಂಬಿಕೆಯನ್ನು ಯಾರಾದರೂ ಒಮ್ಮೆ ಹಾಗೆ ನೋಡಿದ್ದುಂಟಾ? ನಾನಂತೂ ನೋಡಿರಲಿಲ್ಲ. ಅರುವತ್ತನಾಲ್ಕು ವರ್ಷ.

ಇನ್ನಾದರೂ ಬೇರೆ ರೀತಿ ಇರಬೇಕೆಂದುಕೊಂಡೆ. ಅವಕಾಶ ಸೋಮವಾರವೇ ಬಂತು. ನಮ್ಮ ಮನೆಗೆಲಸಕ್ಕೆ ಬರುವ ಸುಮತಿ ಬೆಳಿಗ್ಗೆ ಫೋನ್ ಮಾಡಿದರು. ಒಂಬತ್ತು ವರ್ಷದಿಂದ ಬರುತ್ತಿದ್ದಾರೆ.

“ಅಣ್ಣ, ಮೈ ಬಿಸಿ ಉಂಟು. ಸ್ವಲ್ಪ ಲೇಟ್ ಆಗ್ತದೆ. ಆದ್ರೆ ಬರ್ತೇನೆ.”

“ಬರ್ಬೇಡಿ ಸುಮತಿ. ಗುಣ ಆಗುವವರೆಗೆ ಮನೆಯಲ್ಲೇ ಇರಿ. ಸಂಬಳ ಹಿಡಿಯುವುದಿಲ್ಲ.”

ಆ ಕಡೆಯಿಂದ ಕೆಮ್ಮು ಕೇಳಿಸಿತು. ಆಮೇಲೆ ಹೆದರಿದ ದನಿಯಲ್ಲಿ ಕೇಳಿದರು:

“ಕೆಲಸಕ್ಕೆ ಬೇರೆ ಜನ ಸಿಕ್ಕಿದ್ರಾ ಅಣ್ಣ?”